ಎದೆಯ ದನಿ, ತಲೆಯ ದನಿ

ನಾವು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ ನಡೆದ ಸಂಗತಿಯಿದು. ನಮ್ಮ ಬೀದಿಯ ಗಣೇಶೋತ್ಸವದಲ್ಲಿ ಹಾಡಲು ಕುಳಿತಿದ್ದೆವು. ಎಂಟನೆಯ ವಯಸ್ಸಿನಿಂದ ಐದು ಮನೆಯ ಶ್ರುತಿಗೆ ಹಾಡಿ ರೂಢಿಯಾದ ಕಂಠ. ಅಂದೂ ಅದೇ ಶ್ರುತಿ. ಪಲ್ಲವಿ ಹೇಗೋ ಸಾಗಿತು. ಅನುಪಲ್ಲವಿಯಲ್ಲಿ ತಾರಷಡ್ಜವನ್ನು ಹಿಡಿಯಹೋದಾಗ ದನಿ ಎರಡಾಗಿ ಸೀಳಿ, ಒಂದು ತುಂಡು ಮೇಲಕ್ಕೂ ಒಂದು ತುಂಡು ಕೆಳಕ್ಕೂ ಹೋಯಿತು. ಮುಂದಿನ ಸಾಲಿನ ಹುಡುಗರು ಗೊಳ್ಳೆಂದು ನಕ್ಕರು.

ಮರುದಿನ ನಮಗೆ ಪಾಠ ಹೇಳುತ್ತಿದ್ದವರು, “ತಲೆಯಿಂದ ಹಾಡಬೇಡ, ಎದೆಯಿಂದ ಎತ್ತು” ಎಂದರು. ಎತ್ತಿದೆವು. ನಾಲ್ಕು ತಿಂಗಳು ಹೀಗೆ ಎತ್ತಿದ ಮೇಲೆ ಹಾಡುವ ದನಿಯಿರಲಿ, ಮಾತನಾಡುವ ದನಿಯೂ ಹೋಯಿತು. ಕಿವಿ, ಮೂಗು, ಗಂಟಲುಗಳ ವೈದ್ಯರು ಸಣ್ಣದೊಂದು ಕನ್ನಡಿಯನ್ನು ಬಾಯೊಳಗಿಟ್ಟು ನೋಡಿ, ಆರು ವಾರ ಹಾಡಕೂಡದು, ಕೂಗಕೂಡದು ಎಂದರು. ಆ ಆರು ವಾರಗಳು ಎಂಟು ವರ್ಷಗಳಾದುವು. ತಂಬೂರಿಯ ಮುಂದೆ ನಾವು ಮತ್ತೆ ಕುಳಿತದ್ದು ಭೌತಶಾಸ್ತ್ರದಲ್ಲಿ ಎಂ. ಎಸ್‌ಸಿ. ಮುಗಿದ ಮೇಲೆಯೇ.

ಪಾಠ ಹೇಳಿದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ಹೇಳಿದ್ದು ಅವರ ಗುರುಗಳು ಹೇಳಿದ್ದ ಮಾತು. ಆ ಮಾತಿನಲ್ಲಿ ಅನುಭವದ ಸತ್ಯವೊಂದು ಅಡಗಿದೆ. ಆದರೆ ಅದನ್ನು ಅಕ್ಷರಶಃ ತೆಗೆದುಕೊಂಡರೆ ಅಪಾಯವೂ ಉಂಟು. ಎದೆಯಲ್ಲಿ ದನಿ ಹುಟ್ಟುವುದೆ? ತಲೆಯಲ್ಲಿ ಹುಟ್ಟುವುದೆ? ಎರಡೂ ಕಡೆ ಹುಟ್ಟದಿದ್ದರೆ, ಹಾಡುವವನಿಗೆ ಹಾಗೇಕೆ ಅನಿಸುವುದು? ಇದನ್ನು ಈಗ ವಿಚಾರಿಸೋಣ.

ಈ ಭಾವನೆ ಬಹಳ ಹಳೆಯದು. ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತ ರತ್ನಾಕರ’ದಲ್ಲಿ ಮಂದ್ರದ ನೆಲೆ ಹೃದಯ, ಮಧ್ಯದ ನೆಲೆ ಕಂಠ, ತಾರದ ನೆಲೆ ಶಿರಸ್ಸು ಎಂದು ಹೇಳಿದೆ, ಒಂದಕ್ಕಿಂತ ಮುಂದಿನದು ಇಮ್ಮಡಿ ಎಂದೂ ಹೇಳಿದೆ. ಈ ಇಮ್ಮಡಿಯ ಮಾತು ಇಂದಿನ ಭೌತಶಾಸ್ತ್ರಕ್ಕೆ ಪೂರ್ಣ ಸಮ್ಮತ. ಮಧ್ಯಷಡ್ಜದಲ್ಲಿ ಸೆಕೆಂಡಿಗೆ 131 ಕಂಪನಗಳಿದ್ದರೆ ತಾರಷಡ್ಜದಲ್ಲಿ 262 ಇರುತ್ತವೆ. ಯುರೋಪಿನ ಗಾಯನಾಚಾರ್ಯರೂ ಸ್ವತಂತ್ರವಾಗಿಯೇ ‘ಎದೆಯ ದನಿ’, ‘ತಲೆಯ ದನಿ’ ಎಂಬ ಹೆಸರುಗಳನ್ನು ಬಳಸಿದರು. ಎರಡು ದೂರದ ಸಂಪ್ರದಾಯಗಳು ಒಂದೇ ಮಾತನ್ನು ಹೇಳಬೇಕಾದರೆ ಅದಕ್ಕೆ ದೇಹದಲ್ಲಿ ಏನೋ ಆಧಾರವಿರಲೇಬೇಕಷ್ಟೆ.

ಆ ಆಧಾರವನ್ನು ಕಣ್ಣಾರೆ ಹುಡುಕಲು ಹೊರಟವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಸ್ಪೇನಿನಲ್ಲಿ ಹುಟ್ಟಿದ ಮಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ದಂತವೈದ್ಯರು ಉಪಯೋಗಿಸುವ, ಉದ್ದ ಹಿಡಿಯುಳ್ಳ ಚಿಕ್ಕ ಕನ್ನಡಿಯನ್ನು ತನ್ನ ಕಿರುನಾಲಗೆಗೆ ಒತ್ತಿಟ್ಟುಕೊಂಡು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಾನು ಹಾಡುತ್ತಿರುವಾಗಲೇ ತನ್ನ ಗಂಟಲಿನ ಒಳಗನ್ನು ನೋಡಿದನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಆ ವಿವರಗಳನ್ನು ಸಲ್ಲಿಸಿದನು. ನಮ್ಮ ವೈದ್ಯರು ಹಿಡಿದಿದ್ದುದು ಆ ಕನ್ನಡಿಯ ಮರಿಮಗಳನ್ನು ಎನ್ನಬಹುದು. (ಗಾರ್ಸಿಯಾ 1906ರಲ್ಲಿ, ನೂರು ವರ್ಷ ದಾಟಿದ ಮೇಲೆ ತೀರಿಕೊಂಡನು. ಹಾಡುವವರ ಆಯುಸ್ಸು ದೊಡ್ಡದು ಎನ್ನುವವರಿಗೆ ಇದೊಂದು ಒಳ್ಳೆಯ ನಿದರ್ಶನ, ಪುರಾವೆಯಂತೂ ಅಲ್ಲ.)

ಗಾರ್ಸಿಯಾ ಕಂಡದ್ದೇನು? ಶ್ವಾಸನಾಳದ ತುದಿಯಲ್ಲಿ, ಧ್ವನಿಪೆಟ್ಟಿಗೆಯೊಳಗೆ, ಎದುರುಬದುರಾಗಿ ಎರಡು ಮೃದುವಾದ ಮಡಿಕೆಗಳಿವೆ. ಇವನ್ನು ಧ್ವನಿತಂತುಗಳೆಂದು ಕರೆಯುವುದು ವಾಡಿಕೆ. ಆದರೆ ಅವು ವೀಣೆಯ ತಂತಿಗಳಂತೆ ಎರಡು ಗೂಟಗಳ ನಡುವೆ ಬಿಗಿದ ಎಳೆಗಳಲ್ಲ. ಒಳಗೆ ಸ್ನಾಯು, ಮೇಲೆ ಮೆತ್ತನೆಯ ಪೊರೆಯುಳ್ಳ ತುಟಿಗಳು. ವಯಸ್ಕ ಗಂಡಸರಲ್ಲಿ ಇವುಗಳ ಉದ್ದ ಎರಡು ಸೆಂಟಿಮೀಟರಿನ ಆಚೀಚೆ. ಹೆಂಗಸರಲ್ಲಿ ಒಂದೂವರೆ ಸೆಂಟಿಮೀಟರಿನ ಆಚೀಚೆ. ಇಷ್ಟು ಸಣ್ಣ ವಸ್ತುವಿನಿಂದ ಸಭೆ ತುಂಬುವ ನಾದ ಹೊರಡುವುದೆಂದರೆ ಆಶ್ಚರ್ಯವೇ ಸರಿ.

ಇವು ಕಂಪಿಸುವ ಬಗೆಯನ್ನು ತಿಳಿಯಲು ಪುಟ್ಟ ಮಕ್ಕಳನ್ನು ನೋಡಬೇಕು. ಅವರು ತುಟಿಗಳನ್ನು ಮುಚ್ಚಿ ಉಸಿರನ್ನು ಹೊರದೂಡಿ ‘ಬುರ್ರ್’ ಎಂದು ಮೋಟಾರು ಓಡಿಸುವರಲ್ಲವೆ? ಒಳಗಿನ ಗಾಳಿಯ ಒತ್ತಡ ತುಟಿಗಳನ್ನು ತಳ್ಳಿ ತೆರೆಯುತ್ತದೆ. ಗಾಳಿ ನುಗ್ಗಿ ಹೋದೊಡನೆ ಒತ್ತಡ ಇಳಿದು, ತಮ್ಮ ಸ್ಥಿತಿಸ್ಥಾಪಕತ್ವದಿಂದ ತುಟಿಗಳು ಮತ್ತೆ ಕೂಡುತ್ತವೆ. ಒತ್ತಡ ಮತ್ತೆ ಏರುತ್ತದೆ. ಗಂಟಲಿನಲ್ಲಿ ನಡೆಯುವುದೂ ಇದೇ. 1950ರಲ್ಲಿ ಫ್ರಾನ್ಸಿನ ಹ್ಯೂಸಾನ್ ಎಂಬವರು, ಪ್ರತಿಯೊಂದು ಕಂಪನಕ್ಕೂ ಮಿದುಳು ನರದ ಮೂಲಕ ಒಂದೊಂದು ಆಜ್ಞೆ ಕಳುಹಿಸುತ್ತದೆ ಎಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. 1958ರಲ್ಲಿ ಹಾಲೆಂಡಿನ ವಾನ್ ಡೆನ್ ಬರ್ಗ್ ಅವರು ಉಸಿರಿನ ಒತ್ತಡ ಮತ್ತು ಸ್ನಾಯುವಿನ ಬಿಗಿ, ಇವೆರಡರಿಂದಲೇ ಕಂಪನವನ್ನು ವಿವರಿಸಿ ತೋರಿಸಿದರು. ಮಿದುಳು ಬಿಗಿಯನ್ನು ಗೊತ್ತುಮಾಡುವುದು. ಬಡಿತವನ್ನು ಗಾಳಿಯೇ ನಡೆಸಿಕೊಳ್ಳುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಮಡಿಕೆಗಳು ಕಂಪಿಸುವ ರೀತಿ ಒಂದೇ ಅಲ್ಲ. ಕೆಳಸ್ವರಗಳಲ್ಲಿ ಮಡಿಕೆಯ ಒಳಸ್ನಾಯು ಬಿಗಿಯಾಗಿ, ಮಡಿಕೆ ಗಿಡ್ಡಗೂ ದಪ್ಪಗೂ ಆಗಿರುತ್ತದೆ. ಆಗ ಮಡಿಕೆಯ ಇಡೀ ದಪ್ಪವೇ ಅಲುಗುತ್ತದೆ. ಪ್ರತಿ ಕಂಪನದಲ್ಲಿಯೂ ಎರಡು ಮಡಿಕೆಗಳು ಚೆನ್ನಾಗಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ಇರುತ್ತವೆ. ಮೇಲಿನ ಸ್ವರಗಳಿಗೆ ಹೋಗಬೇಕಾದರೆ ಬೇರೊಂದು ಸ್ನಾಯು ಕೆಲಸ ಮಾಡುತ್ತದೆ. ಅದು ಧ್ವನಿಪೆಟ್ಟಿಗೆಯ ಹೊರಗಡೆ ಇದ್ದು, ಪೆಟ್ಟಿಗೆಯ ಎರಡು ಮೃದ್ವಸ್ಥಿಗಳನ್ನು ಒಂದರ ಮೇಲೊಂದು ವಾಲಿಸಿ ಮಡಿಕೆಗಳನ್ನು ಉದ್ದಕ್ಕೆ ಎಳೆಯುತ್ತದೆ. ಇಲ್ಲಿ ವೀಣೆಯ ಉಪಮಾನ ನಮ್ಮನ್ನು ದಾರಿತಪ್ಪಿಸುತ್ತದೆ. ವೀಣೆಯಲ್ಲಿ ಮೇಲಿನ ಸ್ವರಕ್ಕೆ ತಂತಿಯನ್ನು ಮೋಟು ಮಾಡುತ್ತೇವೆ. ಗಂಟಲಿನಲ್ಲಿ ಮೇಲಿನ ಸ್ವರಕ್ಕೆ ಮಡಿಕೆ ಉದ್ದವಾಗುತ್ತದೆ! ಉದ್ದವಾದುದರಿಂದ ಸ್ವರ ಇಳಿಯಬೇಕಾಗಿತ್ತು, ನಿಜ. ಆದರೆ ಬಿಗಿ ಅದಕ್ಕಿಂತ ಬೇಗ ಏರುವುದರಿಂದ ಒಟ್ಟಿನಲ್ಲಿ ಸ್ವರ ಏರುತ್ತದೆ.

ಹೀಗೆ ಎಳೆಯುತ್ತ ಹೋದಂತೆ, ಒಂದು ಎತ್ತರದಲ್ಲಿ ಒಳಸ್ನಾಯು ತನ್ನ ಹಿಡಿತವನ್ನು ಬಿಡಬೇಕಾಗುತ್ತದೆ. ಬಿಟ್ಟೊಡನೆ ಮಡಿಕೆಯ ಇಡೀ ದಪ್ಪ ಅಲುಗುವುದು ನಿಂತು, ಅಂಚು ಮಾತ್ರ ಅಲುಗತೊಡಗುತ್ತದೆ. ಮುಚ್ಚಿಕೊಳ್ಳುವಿಕೆ ಕ್ಷಣಮಾತ್ರದ್ದು, ಕೆಲವೊಮ್ಮೆ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಇವೇ ಎರಡು ಕಂಪನರೀತಿಗಳು. ಇವುಗಳಿಗೆ ಪಾಶ್ಚಾತ್ಯರು ‘ರಿಜಿಸ್ಟರ್’ ಎಂಬ ಹೆಸರನ್ನು ಆರ್ಗನ್ ವಾದ್ಯದ ಕೊಳವೆಸಾಲುಗಳಿಂದ ಎರವಲು ತಂದರು. ಒಂದನೆಯದು ಎದೆಯ ದನಿ. ನಾವು ದಪ್ಪದನಿ ಎನ್ನೋಣ. ಎರಡನೆಯದು ತಲೆಯ ದನಿ, ತೆಳುದನಿ ಎನ್ನೋಣ. ತೆಳುದನಿಯ ತೀರ ಸಡಿಲವಾದ ರೂಪವನ್ನು ಇಟಲಿಯವರು ಫಾಲ್ಸೆಟೊ, ಎಂದರೆ ಸುಳ್ಳುದನಿ ಎಂದು ಹೀಗಳೆದರು. ನಮ್ಮಲ್ಲಿಯೂ ಅದನ್ನು ಕಳ್ಳದನಿ ಎನ್ನುವವರುಂಟು. ಅದರಲ್ಲಿ ಕಳ್ಳತನವೇನೂ ಇಲ್ಲ. ಅದೂ ಅದೇ ಮಡಿಕೆಗಳ ಕೆಲಸವೇ.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಮ್ಮೆ ಒಬ್ಬ ವಿದ್ಯಾರ್ಥಿಯಿಂದ ಒಂದೇ ಸ್ವರವನ್ನು ಎರಡು ರೀತಿಯಲ್ಲಿಯೂ ಹಾಡಿಸಿ, ಮೈಕ್ರೊಫೋನನ್ನು ಗಣಕಯಂತ್ರಕ್ಕೆ ಜೋಡಿಸಿ ನೋಡಿದೆವು. ಸ್ವರದ ಕಂಪನಸಂಖ್ಯೆ ಎರಡರಲ್ಲೂ ಒಂದೇ. ಆದರೆ ದಪ್ಪದನಿಯಲ್ಲಿ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯುಳ್ಳ ಉಪಸ್ವರಗಳು ತೆರೆಯ ಮೇಲೆ ತೆಂಗಿನ ತೋಪಿನಂತೆ ಸಾಲಾಗಿ ನಿಂತವು. ತೆಳುದನಿಯಲ್ಲಿ ಮೊದಲ ಕೆಲವು ಮಾತ್ರ ಕಂಡು ಉಳಿದವು ನೆಲಕ್ಕಂಟಿದವು. ಮಡಿಕೆಗಳು ಥಟ್ಟನೆ ಮುಚ್ಚಿಕೊಂಡಷ್ಟೂ ಉಪಸ್ವರಗಳು ಸಮೃದ್ಧ. ಮೆಲ್ಲನೆ ತಾಗಿ ಹೋದರೆ ಅವು ಬಡವು. ದಪ್ಪದನಿ ತುಂಬಿದಂತೆಯೂ ತೆಳುದನಿ ಕೊಳಲಿನಂತೆಯೂ ಕೇಳಿಸುವುದಕ್ಕೆ ಇದೇ ಕಾರಣ.

ಹಾಗಾದರೆ ಎದೆಯ ಪಾತ್ರವೇನು? ಓದುಗರು ಅಂಗೈಯನ್ನು ಎದೆಯ ಮೇಲಿಟ್ಟು ಮಂದ್ರದಲ್ಲಿ ‘ಆ’ ಎಂದು ಹಾಡಿ ನೋಡಲಿ. ಎದೆಮೂಳೆ ನಡುಗುವುದು ಕೈಗೆ ತಿಳಿಯುತ್ತದೆ. ಹಾಗೆಯೇ ಮೇಲಕ್ಕೆ ಹೋದಂತೆ ನಡುಕ ಕ್ಷೀಣಿಸಿ ತಾರಸ್ಥಾಯಿಯಲ್ಲಿ ಮಾಯವಾಗುತ್ತದೆ. ಬದಲಿಗೆ ಮೂಗಿನ ಬುಡದಲ್ಲೋ ಹಣೆಯಲ್ಲೋ ಝೇಂಕಾರದ ಅನುಭವವಾಗುತ್ತದೆ. ಶಾರ್ಙ್ಗದೇವನಿಗೂ ಯುರೋಪಿನವರಿಗೂ ಹೆಸರು ಕೊಟ್ಟದ್ದು ಈ ನಡುಕವೇ ಇರಬೇಕೆಂದು ನಮ್ಮ ಊಹೆ. ಆದರೆ ಇದು ಪರಿಣಾಮ, ಕಾರಣವಲ್ಲ. ಎದೆಗೂಡಿನಿಂದ ಹೊರಗಿನ ಗಾಳಿಗೆ ಹೋಗುವ ಶಬ್ದ ನಗಣ್ಯ. ಕೇಳುಗರಿಗೆ ಮುಟ್ಟುವುದೆಲ್ಲ ಬಾಯಿಯಿಂದ, ಕೆಲವು ಅಕ್ಷರಗಳಲ್ಲಿ ಮೂಗಿನಿಂದ, ಹೊರಟದ್ದೇ. ದೇಹವನ್ನು ವೀಣೆಗೆ ಹೋಲಿಸುವಾಗ ಎದೆಯನ್ನು ವೀಣೆಯ ಕೊಡವೆಂದು ಭಾವಿಸಕೂಡದು. ಮನುಷ್ಯವೀಣೆಯ ಕೊಡ ಧ್ವನಿಪೆಟ್ಟಿಗೆಯ ಮೇಲೆ ಇದೆ.

ಆ ಕೊಡವೇ ಅನುರಣನದ ವಿಷಯ. ಧ್ವನಿತಂತುಗಳಿಂದ ತುಟಿಯವರೆಗಿನ ದಾರಿ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದದ ಒಂದು ಬಾಗಿದ ಕೊಳವೆ. ಒಂದು ತುದಿ ಮುಚ್ಚಿದೆ, ಇನ್ನೊಂದು ತೆರೆದಿದೆ. ಇಂಥ ಕೊಳವೆಯ ಲೆಕ್ಕವನ್ನು ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳು ಮಾಡಿಯೇ ಇರುತ್ತಾರೆ. ಬೆಚ್ಚಗಿನ ತೇವದ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರ್; ಅದನ್ನು ಕೊಳವೆಯ ಉದ್ದದ ನಾಲ್ಕರಷ್ಟರಿಂದ ಭಾಗಿಸಿದರೆ ಸುಮಾರು 500. ಅದರ ಮೂರರಷ್ಟು 1500, ಐದರಷ್ಟು 2500. ಈ ಕಂಪನಸಂಖ್ಯೆಗಳ ಹತ್ತಿರ ಬರುವ ಉಪಸ್ವರಗಳನ್ನು ಕೊಳವೆ ಎತ್ತಿಹಿಡಿಯುತ್ತದೆ, ಉಳಿದವನ್ನು ಅಡಗಿಸುತ್ತದೆ. ನಾಲಗೆ, ದವಡೆ, ತುಟಿಗಳನ್ನು ಆಡಿಸಿ ನಾವು ಕೊಳವೆಯ ಆಕಾರವನ್ನು ಬದಲಿಸಿದಾಗ ಈ ಎಡೆಗಳು ಸರಿದಾಡುತ್ತವೆ. ಹಾಗೆ ಸರಿದಾಡುವುದನ್ನೇ ನಾವು ‘ಆ’, ‘ಈ’, ‘ಊ’ ಎಂದು ಕೇಳುತ್ತೇವೆ.

ಇದಕ್ಕೆ ಸುಲಭವಾದ ಪ್ರಯೋಗವೊಂದಿದೆ. ಪಿಸುಮಾತಿನಲ್ಲಿ ‘ಊ’, ‘ಆ’, ‘ಈ’ ಎಂದು ಒಂದಾದಮೇಲೊಂದು ಹೇಳಿರಿ. ಪಿಸುಮಾತಿನಲ್ಲಿ ಧ್ವನಿತಂತುಗಳು ಕಂಪಿಸುವುದೇ ಇಲ್ಲ; ಗಂಟಲಮಣಿಯ ಮೇಲೆ ಬೆರಳಿಟ್ಟರೆ ನಡುಕವಿಲ್ಲ. ಆದರೂ ಮೂರು ಸ್ವರಾಕ್ಷರಗಳು ಸ್ಪಷ್ಟವಾಗಿ ಬೇರೆಬೇರೆ. ಅಷ್ಟೇ ಅಲ್ಲ, ‘ಊ’ ಕೆಳಗೂ ‘ಈ’ ಮೇಲೆಯೂ ಇರುವಂತೆ ಕೇಳಿಸುತ್ತದೆ. ಹೀಗೆ ಕೊಳವೆಯ ಗುಣ ಬೇರೆ, ತಂತುಗಳ ಗುಣ ಬೇರೆ. ಸ್ವರದ ಎತ್ತರವನ್ನೂ ಕಂಪನರೀತಿಯನ್ನೂ ನಿರ್ಣಯಿಸುವುದು ತಂತು. ಬಣ್ಣವನ್ನೂ ತುಂಬನ್ನೂ ಕೊಡುವುದು ಕೊಳವೆ. ಸಂಗೀತ ಕಲಿಯುವ ಎಳೆಯರು ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಅರ್ಧದಷ್ಟು ಗಂಟಲುಗಳು ಕೆಡುತ್ತವೆಂದು ನಮಗೆ ತೋರುತ್ತದೆ. ದನಿ ತೆಳುವಾಯಿತೆಂದು ಕೇಳಿದೊಡನೆ ತಂತುಗಳನ್ನು ಇನ್ನಷ್ಟು ಬಿಗಿದು ಒತ್ತುತ್ತಾರೆ. ಎಷ್ಟೋ ಸಲ ಬೇಕಾಗಿರುವುದು ಬಾಯನ್ನು ಒಂದು ಬೆರಳಷ್ಟು ಹೆಚ್ಚು ತೆರೆಯುವುದು, ಅಷ್ಟೆ.

ಬಾಯಿ ತೆರೆಯುವ ಮಾತಿಗೆ ಒಂದು ಉದಾಹರಣೆ ಕೊಡುತ್ತೇವೆ. ಐದು ಮನೆಯ ಶ್ರುತಿಗೆ ಹಾಡುವ ಹೆಣ್ಣುಮಗಳ ಮಧ್ಯಷಡ್ಜ 196; ತಾರಷಡ್ಜ 392; ತಾರಪಂಚಮ 588. ‘ಈ’ ಎನ್ನುವಾಗ ಕೊಳವೆಯ ಮೊದಲನೆಯ ಅನುರಣನ 300ರ ಆಸುಪಾಸಿನಲ್ಲಿರುತ್ತದೆ. ತಾರಸ್ಥಾಯಿಯಲ್ಲಿ ‘ಈ’ಕಾರವನ್ನು ಮಾತಿನಲ್ಲಿರುವಂತೆಯೇ ಉಚ್ಚರಿಸಿದರೆ ಮೂಲಸ್ವರವೇ ಆ ಅನುರಣನವನ್ನು ದಾಟಿ ಮೇಲೆ ಹೋಗಿರುತ್ತದೆ, ಕೊಳವೆಯ ಸಹಾಯ ತಪ್ಪಿ ದನಿ ಬಡಕಲಾಗುತ್ತದೆ. ಅನುಭವಿ ಗಾಯಕಿ ಅಲ್ಲಿ ದವಡೆಯನ್ನು ಇಳಿಬಿಟ್ಟು ‘ಈ’ಯನ್ನು ‘ಏ’ ಕಡೆಗೆ ಸ್ವಲ್ಪ ಒಲಿಸುತ್ತಾಳೆ. ಅನುರಣನ ಮೇಲಕ್ಕೆ ಸರಿದು ಸ್ವರಕ್ಕೆ ಒದಗುತ್ತದೆ. ಒತ್ತದೆಯೇ ದನಿ ಬೆಳೆಯುತ್ತದೆ. ತಾರಸ್ಥಾಯಿಯಲ್ಲಿ ಸಾಹಿತ್ಯ ಸ್ಪಷ್ಟವಾಗುವುದಿಲ್ಲ ಎಂದು ಗಾಯಕಿಯರನ್ನು ಆಕ್ಷೇಪಿಸುವ ರಸಿಕರು, ಅಲ್ಲಿ ಶುದ್ಧವಾದ ‘ಊ’ ಹೇಳುವುದು ಭೌತಶಾಸ್ತ್ರಕ್ಕೇ ಸುಲಭವಲ್ಲವೆಂದು ನೆನೆಯಬೇಕು.

ಮೂಗಿನ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಬಹಳ. ಹಣೆ, ಕೆನ್ನೆಗಳಲ್ಲಿ ಝೇಂಕಾರ ಬರುವಂತೆ ಹಾಡು ಎಂದರೆ ಎಷ್ಟೋ ಮಂದಿ ಮೂಗಿನಲ್ಲಿ ಹಾಡುತ್ತಾರೆ. ‘ಆ’ ಎಂದು ಹಾಡುತ್ತ ಮೂಗನ್ನು ಬೆರಳುಗಳಿಂದ ಹಿಡಿದು ಬಿಟ್ಟು ಮಾಡಿರಿ. ದನಿಯಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಸರಿ. ದನಿ ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ. ‘ಮ್’ ಎಂದು ಗುನುಗುತ್ತ ಹಿಡಿದರಂತೂ ಶಬ್ದವೇ ನಿಂತುಹೋಗುತ್ತದೆ. ಮುಖದ ಮೂಳೆಗಳಲ್ಲಿ ತೋರುವ ಝೇಂಕಾರ, ಬಾಯೊಳಗೆ ಶಬ್ದ ಬಲವಾಗಿದೆ ಎಂಬುದರ ಗುರುತು. ಗುರುತಾಗಿ ಅದು ಬಹಳ ಉಪಯುಕ್ತ. ಗುರುಗಳು ಅದನ್ನು ಹೇಳಿಕೊಡುವುದು ಸರಿಯಾಗಿಯೇ ಇದೆ.

ಯುರೋಪಿನ ಅಪೆರಾ ಗಾಯಕರು ಇದೇ ಕೊಳವೆಯಿಂದ ಇನ್ನೊಂದು ಚಮತ್ಕಾರ ಮಾಡುತ್ತಾರೆ. ಧ್ವನಿತಂತುಗಳ ನೇರ ಮೇಲಿನ ಭಾಗವನ್ನು ಕಿರಿದಾಗಿಸಿ, ಅದರ ಮೇಲಿನ ಗಂಟಲನ್ನು ಅಗಲಿಸಿ, 3000ದ ಸುತ್ತ ಹಲವು ಅನುರಣನಗಳನ್ನು ಒಟ್ಟುಗೂಡಿಸುತ್ತಾರೆ. ವಾದ್ಯವೃಂದದ ಶಬ್ದ 500ರ ಸುಮಾರಿನಲ್ಲಿ ಅತ್ಯಂತ ಬಲವಾಗಿದ್ದು ಮೇಲೆ ಹೋದಂತೆ ಕುಗ್ಗುವುದರಿಂದ, ಆ ಎಡೆಯಲ್ಲಿ ಗಾಯಕನ ದನಿ ಮೈಕ್ ಇಲ್ಲದೆಯೂ ಎದ್ದು ಕೇಳಿಸುತ್ತದೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ವಿಶದಪಡಿಸಿದರು. ನಮ್ಮ ಗಾಯಕರಿಗೆ ಎದುರು ನಿಲ್ಲುವುದು ವಾದ್ಯವೃಂದವಲ್ಲ, ತಂಬೂರಿ. ಮುಂದೆ ಧ್ವನಿವರ್ಧಕವೂ ಉಂಟು. ಆ ವಿದ್ಯೆ ನಮಗೆ ಅಷ್ಟಾಗಿ ಬೇಕಿಲ್ಲ.

ಈಗ ಗಣೇಶೋತ್ಸವಕ್ಕೆ ಹಿಂದಿರುಗೋಣ. ದಪ್ಪದನಿ ತೆಳುದನಿಗೆ ತಿರುಗುವ ಹೊಲಿಗೆ ಗಂಡಸರಲ್ಲಿ ಸ್ಥೂಲವಾಗಿ 290ರಿಂದ 370ರ ನಡುವೆ ಬರುತ್ತದೆ; ಹೆಂಗಸರ ಕೆಳಗಿನ ಹೊಲಿಗೆಯೂ ಅದರ ಸಮೀಪವೇ ಎಂಬುದು ಸ್ವಾರಸ್ಯ. ಒಂದು ಮನೆಯ ಶ್ರುತಿಯ ಗಂಡಸಿಗೆ ಷಡ್ಜ 131. ತಾರಸ್ಥಾಯಿಯ ಅಂತರಗಾಂಧಾರ 327, ಶುದ್ಧಮಧ್ಯಮ 349. ಎಂದರೆ ಹೊಲಿಗೆ ಸರಿಯಾಗಿ ಅಲ್ಲಿಯೇ ಬೀಳುತ್ತದೆ. ಐದು ಮನೆಯ ಹೆಣ್ಣುಮಗಳಿಗಾದರೋ ಅದು ಮಧ್ಯಸ್ಥಾಯಿಯ ಪಂಚಮದಿಂದ ನಿಷಾದದವರೆಗಿನ ಪ್ರದೇಶ. ಹೊಲಿಗೆ ಎಲ್ಲರಿಗೂ ಉಂಟು. ದೊಡ್ಡ ಗಾಯಕರಲ್ಲಿ ಅದು ಕೇಳಿಸುವುದಿಲ್ಲ. ಅವರು ಹೊಲಿಗೆಗೆ ಬರುವ ಎರಡು ಮೂರು ಸ್ವರ ಮೊದಲೇ ಒತ್ತಡವನ್ನು ತಗ್ಗಿಸಿ, ದಪ್ಪವನ್ನು ಸ್ವಲ್ಪಸ್ವಲ್ಪವಾಗಿ ಕಳೆಯುತ್ತ ಹೋಗುತ್ತಾರೆ. ದಪ್ಪದನಿಯನ್ನೇ ಬಲವಂತದಿಂದ ಮೇಲಕ್ಕೆ ಎಳೆದರೆ ಒಳಸ್ನಾಯುವೂ ಹೊರಸ್ನಾಯುವೂ ಹಗ್ಗಜಗ್ಗಾಟಕ್ಕೆ ನಿಲ್ಲುತ್ತವೆ. ಒಂದು ಥಟ್ಟನೆ ಕೈಬಿಟ್ಟಾಗ ದನಿ ಸೀಳುತ್ತದೆ.

ಹದಿಹರೆಯದ ಹುಡುಗನಿಗೆ ಇದರ ಮೇಲೆ ಇನ್ನೊಂದು ಕಷ್ಟ. ಆ ವಯಸ್ಸಿನಲ್ಲಿ ಅವನ ಧ್ವನಿಪೆಟ್ಟಿಗೆ ಕೆಲವೇ ತಿಂಗಳುಗಳಲ್ಲಿ ಬೆಳೆದು, ಮಾತಿನ ದನಿ ಹೆಚ್ಚುಕಡಮೆ ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಹುಡುಗಿಯರಲ್ಲಿಯೂ ಇಳಿಯುತ್ತದೆ; ಆದರೆ ಎರಡು ಮೂರು ಸ್ವರಗಳಷ್ಟು ಮಾತ್ರ. ಏಳು ವರ್ಷಗಳಿಂದ ಒಂದು ವೀಣೆಗೆ ಒಗ್ಗಿದ ಕೈಗೆ ರಾತ್ರೋರಾತ್ರಿ ಬೇರೆ ವೀಣೆಯನ್ನು ಕೊಟ್ಟಂತೆ! ನಾವು ಐದು ಮನೆಯ ಶ್ರುತಿಯನ್ನು ಬಿಡದೆ 392ರ ತಾರಷಡ್ಜವನ್ನು ದಪ್ಪದನಿಯಲ್ಲಿ ಎತ್ತಲು ಹೋದದ್ದು, ಹೊಲಿಗೆಯನ್ನು ದಾಟಿ ಎಷ್ಟೋ ದೂರ ಗಂಟಲನ್ನು ಎಳೆದಂತಾಯಿತು. ಶ್ರುತಿಯನ್ನು ಇಳಿಸಿದ್ದರೆ ಸಾಕಾಗಿತ್ತು. ಆದರೆ ಶ್ರುತಿ ಇಳಿಸುವುದು ನಮಗೆ ಸೋಲೆಂದು ತೋರಿತ್ತು. ಇಂದಿನ ಹುಡುಗರಿಗೂ ಹಾಗೆಯೇ ತೋರುವುದನ್ನು ನೋಡಿದ್ದೇವೆ.

ಒಂದು ಲೆಕ್ಕ ಹಾಕಿರಿ. ಸರಾಸರಿ 200 ಕಂಪನಗಳ ಸ್ವರಗಳಲ್ಲಿ ಒಂದು ಗಂಟೆ ಎಡೆಬಿಡದೆ ಹಾಡಿದರೆ ಮಡಿಕೆಗಳು 7,20,000 ಸಲ ಒಂದಕ್ಕೊಂದು ಬಡಿಯುತ್ತವೆ. ಮೆಲ್ಲನೆ ತಾಗಿದರೆ ಚಿಂತೆಯಿಲ್ಲ; ಒತ್ತಿ ಬಡಿದರೆ ಅಂಗೈಗೆ ಗುದ್ದಲಿಯ ಹಿಡಿ ಉಜ್ಜಿದಾಗ ಏಳುವಂತೆ ಅಂಚುಗಳಲ್ಲಿ ಸಣ್ಣ ಗಂಟುಗಳೇಳುತ್ತವೆ. ಮಡಿಕೆಗಳು ಆಗ ಪೂರ್ತಿ ಕೂಡಿಕೊಳ್ಳಲಾರವು. ಎಡೆಯಲ್ಲಿ ಗಾಳಿ ಸೋರಿ ದನಿ ಕರಕಲಾಗುತ್ತದೆ. ಹಾಡುಗಾರ ಅದನ್ನು ಸರಿಪಡಿಸಲೆಂದು ಇನ್ನಷ್ಟು ಒತ್ತುತ್ತಾನೆ.

ದನಿ ಒಡೆಯುತ್ತಿರುವ ಕಾಲದಲ್ಲಿ ಸಂಗೀತವನ್ನು ಬಿಡಬೇಕಾಗಿಲ್ಲ. ಸುಲಭವಾಗಿ ಎಟಕುವ ಐದಾರು ಸ್ವರಗಳಲ್ಲಿ, ಮೆಲುದನಿಯಲ್ಲಿ, ದಿನಕ್ಕೆ ಸ್ವಲ್ಪ ಹೊತ್ತು ಹಾಡಬಹುದು. ಎಳನೀರು ಕುಡಿಯುವ ಹೀರುಕೊಳವೆಯೊಂದನ್ನು ತುಟಿಯಲ್ಲಿ ಹಿಡಿದು ಅದರೊಳಕ್ಕೆ ‘ಊ’ ಎಂದು ಕೆಳಗಿನಿಂದ ಮೇಲಕ್ಕೆ ಜಾರಿಸುವ ಅಭ್ಯಾಸವನ್ನು ಧ್ವನಿಚಿಕಿತ್ಸಕರು ಹೇಳಿಕೊಡುತ್ತಾರೆ. ಕೊಳವೆ ಕಿರಿದಾದುದರಿಂದ ಬಾಯೊಳಗೆ ಗಾಳಿಯ ಒತ್ತಡ ಉಳಿದು, ಅದು ಮಡಿಕೆಗಳನ್ನು ಸ್ವಲ್ಪ ಅಗಲಿಸಿಟ್ಟು ಬಡಿತವನ್ನು ಮೃದುಗೊಳಿಸುತ್ತದೆ. ಹೊಲಿಗೆಯ ಹತ್ತಿರ ದನಿ ಸೀಳುವುದೂ ಕಡಮೆಯಾಗುತ್ತದೆ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾವು ಮತ್ತೆ ತೊಡಗಿದ್ದು ಹೀಗೆಯೇ, ಒಂದು ಮನೆಯ ಶ್ರುತಿಯಲ್ಲಿ. ನಮ್ಮ ತಾರಗಾಂಧಾರದಲ್ಲಿ ಹೊಲಿಗೆ ಈಗಲೂ ಕೇಳಿಸುತ್ತದೆಂದು ಮನೆಯವರು ಹೇಳುತ್ತಾರೆ.

ಮೂರು ವಾರ ಕಳೆದರೂ ದನಿಯ ಕರಕಲು ಹೋಗದಿದ್ದರೆ ಮೆಣಸಿನ ಕಷಾಯವನ್ನು ನೆಚ್ಚಿಕೊಂಡು ಕೂರಬಾರದು. ನಾವು ನುಂಗಿದ್ದೆಲ್ಲ ಅನ್ನನಾಳಕ್ಕೆ ಹೋಗುವುದು. ಅದರ ಒಂದು ಹನಿಯೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಕೆಮ್ಮು ಬರುವುದು. ಗಾರ್ಸಿಯಾನ ಕನ್ನಡಿಯ ಜಾಗದಲ್ಲಿ ಈಗ ಕಿರುಬೆರಳಿಗಿಂತ ತೆಳುವಾದ ಕ್ಯಾಮೆರಾ ಬಂದಿದೆ. ವೈದ್ಯರು ಮಿನುಗುದೀಪದ ಬೆಳಕಿನಲ್ಲಿ ಕಂಪನವನ್ನು ನಿಧಾನಗೊಳಿಸಿದಂತೆ ಮಾಡಿ, ನಮ್ಮ ಎರಡು ಮಡಿಕೆಗಳು ಕೂಡುವುದನ್ನೂ ಅಗಲುವುದನ್ನೂ ನಮಗೇ ತೆರೆಯ ಮೇಲೆ ತೋರಿಸುತ್ತಾರೆ. ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು.